ಉಬ್ಬರವೂ ಅಲ್ಲ, ಇಳಿತವೂ ಅಲ್ಲ: ನಡುವಿನ ಆ ಹೊತ್ತಿಗೆ ಏನಂತೀರಿ?

ಗೆಳೆಯರೇ,

ಮೊನ್ನೆ ಸಂಜೆ ಗೆಳೆಯನೊಬ್ಬನ ಜೊತೆ ಕಡಲ ದಂಡೆಯಲ್ಲಿ ಗಾಳ ಹಾಕಿ ಕೂತಿದ್ದೆ. ಸಿಕ್ಕಿದ್ದು ಎರಡೇ ಮೀನು, ಅದೂ ಅವನಿಗೆ. ನನಗೆ ಒಂದು ಪದ ಸಿಗದೆ ಅವತ್ತಿನಿಂದ ಒದ್ದಾಡುತ್ತಿದ್ದೇನೆ.

ನಾವು ಹೋದಾಗ ನೀರು ಇನ್ನೂ ಏರುತ್ತಿತ್ತು. ದಾರಕ್ಕೆ ಕಟ್ಟಿದ್ದ ಸೀಸದ ಗುಂಡು ನೂರು ಗ್ರಾಂ ತೂಗುತ್ತಿತ್ತು. ಆದರೂ ಬಿದ್ದ ಕಡೆ ನಿಲ್ಲಲಿಲ್ಲ. ನೇರ ಎದುರಿಗೆ ಎಸೆದರೂ ಐದೇ ನಿಮಿಷದಲ್ಲಿ ದಾರ ಎಡಕ್ಕೆ ವಾಲಿ ಬಿಲ್ಲಿನಂತೆ ಬಾಗುತ್ತಿತ್ತು. ಜೊತೆಗೆ ಪಾಚಿ ಬೇರೆ. ಸುತ್ತಿಕೊಳ್ಳುವುದು, ಪಾಚಿ ಬಿಡಿಸುವುದು, ಮತ್ತೆ ಎಸೆಯುವುದು, ಇದೇ ಕೆಲಸವಾಯಿತು. ಹೊತ್ತು ಮುಳುಗಿ ಸ್ವಲ್ಪ ಹೊತ್ತಾದ ಮೇಲೆ ಇದೆಲ್ಲ ತಾನಾಗಿ ನಿಂತಿತು. ಅಲೆಗಳೇನೋ ಬರುತ್ತಲೇ ಇದ್ದವು. ಆದರೆ ದಾರ ನೆಟ್ಟಗೆ ನಿಂತಿತ್ತು, ಗುಂಡು ಜರುಗಲಿಲ್ಲ. ಮರಳಿನ ಮೇಲಿನ ಒದ್ದೆ ಗೆರೆ ಮುಂದಕ್ಕೂ ಬರಲಿಲ್ಲ, ಹಿಂದಕ್ಕೂ ಸರಿಯಲಿಲ್ಲ.

"ಈಗ ಉಬ್ಬರವೋ, ಇಳಿತವೋ?" ಅಂದೆ.

"ಎರಡೂ ಅಲ್ಲ. ಸ್ಲ್ಯಾಕ್."

"ಕನ್ನಡದಲ್ಲಿ ಹೇಳೋ."

ಅವನು ಸುಮ್ನಾದ. ನಾನೂ ಸುಮ್ನಾದೆ.

ಮನೆಗೆ ಬಂದು ಯೋಚಿಸಿದಾಗ ಮೊದಲು ತೋಚಿದ್ದು 'ನಿಂತ ನೀರು'. ಅದು ನಡೆಯುವುದಿಲ್ಲ. ನಿಂತ ನೀರು ಅಂದರೆ ನಮ್ಮ ಕಿವಿಗೆ ಕೊಳೆತ ನೀರು, ಸೊಳ್ಳೆಯ ನೀರು. 'ತಟಸ್ಥ' ಅನ್ನೋಣವೇ? ಆ ಪದದ ಮೂಲ ಅರ್ಥ ದಡದ ಮೇಲೆ ನಿಂತವನು ಅಂತ. ಅವತ್ತು ದಡದ ಮೇಲೆ ಸುಮ್ನೆ ನಿಂತಿದ್ದು ನಾನು, ನೀರಲ್ಲ.

ಆಮೇಲೆ ಇನ್ನೊಂದು ವಿಷಯ ಹೊಳೆಯಿತು. ನಮ್ಮ ಎರಡು ಪದಗಳೂ ನೀರಿನ ಎತ್ತರದ ಮಾತನ್ನೇ ಆಡುತ್ತವೆ. 'ಉಬ್ಬು' ಇಂದ ಉಬ್ಬರ. ಹೊಟ್ಟೆ ಉಬ್ಬರವೂ ಅದೇ, ಹಣದುಬ್ಬರವೂ ಅದೇ. 'ಇಳಿ' ಇಂದ ಇಳಿತ. ಉಬ್ಬರಕ್ಕೆ 'ಭರತ' ಅನ್ನುವವರೂ ಇದ್ದಾರೆ. ಅದೂ ತುಂಬುವುದನ್ನೇ ಹೇಳುತ್ತದೆ. ನೀರು ಪಕ್ಕಕ್ಕೆ ಹರಿಯುವುದನ್ನು, ಅಂದರೆ ನನ್ನ ಗುಂಡನ್ನು ಎಳೆದುಕೊಂಡು ಹೋದದ್ದನ್ನು, ಇವು ಯಾವುವೂ ಹೇಳುವುದಿಲ್ಲ. ಅದಕ್ಕೆ ನಮ್ಮಲ್ಲಿ ಬೇರೆಯೇ ಪದ ಇದೆ: ಸೆಳವು.

ಇದು ಕೂದಲು ಸೀಳುವ ಮಾತಲ್ಲ. ನೀರು ತುತ್ತತುದಿ ಮುಟ್ಟುವ ಹೊತ್ತೂ ಸೆಳವು ನಿಲ್ಲುವ ಹೊತ್ತೂ ಎಲ್ಲ ಕಡೆ ಒಂದೇ ಆಗಿರುವುದಿಲ್ಲ. ಕೆಲವು ಕಡೆ ಮಟ್ಟ ಇಳಿಯಲು ಶುರುವಾದ ಮೇಲೂ ಸೆಳವು ಹಳೆಯ ದಿಕ್ಕಿಗೇ ಹರಿಯುತ್ತಿರುತ್ತದೆ. ಹಾಗಾಗಿ ನಮಗೆ ಬೇಕಾದದ್ದು ಒಂದಲ್ಲ, ಎರಡು ಪದ. ಮಟ್ಟ ನಿಂತದ್ದಕ್ಕೆ ಒಂದು, ಸೆಳವು ನಿಂತದ್ದಕ್ಕೆ ಒಂದು.

ಅಪರೂಪದ ಸಂಗತಿಯೂ ಅಲ್ಲ ಇದು. ದಿನಕ್ಕೆ ಎರಡು ಉಬ್ಬರ ಬರುವ ಕಡಲಲ್ಲಿ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಏರುವ ಆರು ಗಂಟೆಯಲ್ಲಿ ನೀರು ಒಂದೇ ಸಮನೆ ಏರುವುದಿಲ್ಲ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಗೆ ಒಂದು ಪಾಲು, ಆಮೇಲೆ ಎರಡು, ಮೂರು, ಮೂರು, ಎರಡು, ಕೊನೆಗೆ ಮತ್ತೆ ಒಂದು. ಇದು ಕಡಲಿನವರ ಹಳೆಯ ಅಂದಾಜು. ಇಳಿಯುವಾಗಲೂ ಹೀಗೇ. ಅಂದರೆ ಪ್ರತಿ ಏರಿಕೆ, ಇಳಿತದ ತುದಿಗೆ ನೀರು ನಿಧಾನವಾಗುತ್ತದೆ, ದಿನಕ್ಕೆ ಸುಮಾರು ನಾಲ್ಕು ಸಲ ಈ ಮಂದ ಹೊತ್ತು ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಬೇಗ ಮುಗಿಯುತ್ತದೆ, ಅಷ್ಟಮಿಯ ಆಸುಪಾಸು ಜಾಸ್ತಿ ಹೊತ್ತು ಇರುತ್ತದೆ. ಇಷ್ಟು ಸಲ ಬಂದು ಹೋಗುವುದಕ್ಕೆ ಕಡಲಲ್ಲೇ ಬದುಕುವವರು ಹೆಸರಿಡದೆ ಇರುತ್ತಾರಾ? ನಾನು ನಂಬುವುದಿಲ್ಲ.

ನನಗೆ ಸದ್ಯಕ್ಕೆ ಹಿಡಿಸಿರುವುದು 'ಸೆಳವು ತಣಿಯಿತು' ಅನ್ನುವ ಮಾತು. ಹಸಿವು ತಣಿಯುತ್ತದೆ, ಸಿಟ್ಟು ತಣಿಯುತ್ತದೆ, ಸೆಳವೂ ತಣಿಯಲಿ. ಆದರೆ ಇದು ಮೇಜಿನ ಮುಂದೆ ಕೂತು ಹೊಸೆದದ್ದು. ಯಾರಾದರೂ ನಿಜವಾಗಿ ಬಳಸುವ ಪದ ಸಿಕ್ಕಿದರೆ ಇದನ್ನು ಖುಷಿಯಿಂದ ಬಿಟ್ಟುಬಿಡುತ್ತೇನೆ.

ಇದರ ಬಾಲಕ್ಕೆ ಇನ್ನೊಂದು. ನೀರು ಹಾಗೆ ತಣಿದಿದ್ದಾಗಲೇ ನನ್ನ ಕೋಲಿನ ತುದಿ ತಟಕ್ಕನೆ ನೆಟ್ಟಗಾಗಿ ದಾರ ಜೋಲು ಬಿತ್ತು. ಅಲೆ ಬಡಿದಿರಬೇಕು ಅಂತ ನಾನು ಕೂತೇ ಇದ್ದೆ. "ಸುತ್ತೋ, ಸುತ್ತೋ!" ಅಂತ ಗೆಳೆಯ ಕೂಗಿದ. ಮೀನು ಎರೆಯನ್ನು ಬಾಯಲ್ಲಿಟ್ಟುಕೊಂಡು ದಡದ ಕಡೆಗೇ ಬಂದರೆ ಹೀಗಾಗುತ್ತದಂತೆ. ನಾನು ಸುತ್ತಿ ಮುಗಿಸುವಾಗ ಬರೀ ಕೊಕ್ಕೆ ಬಂತು. ಸಿಗಡಿಯ ತುಂಡಿನ ಚೂರೂ ಉಳಿದಿರಲಿಲ್ಲ. ಎಳೆದರೆ 'ಜಗ್ಗಿತು' ಅಂತೇವೆ, ಸಣ್ಣಗೆ ತಿಂದರೆ 'ಕುಕ್ಕಿತು' ಅಂತೇವೆ. ಹೀಗೆ ಎಳೆಯದೆ, ದಾರ ಸಡಿಲ ಬಿಟ್ಟು ಮೋಸ ಮಾಡುವುದಕ್ಕೆ ಏನಂತೀರಿ?

ದೋಣಿ, ಬಲೆ, ಗಾಳದ ಒಡನಾಟ ಇರುವವರು ದಯವಿಟ್ಟು ಹೇಳಿ. ನಾಮಪದವೇ ಆಗಬೇಕೆಂದಿಲ್ಲ. "ಈಗ ನೀರು ಹೀಗಿದೆ, ಬಾ" ಅಂತ ಪಕ್ಕದವನನ್ನು ಕರೆಯುವಾಗ ಬಾಯಿಗೆ ಬರುವ ಮಾತಾದರೂ ಸಾಕು.