ಅಲೆ ಒಡೆದಾಗ ನೀರಿನೊಳಗೆ ಕೇಳುವ ಸದ್ದು ಎಲ್ಲಿಂದ ಬರುತ್ತದೆ?

ತೀರದಹುಡುಗಿ:
ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾಕ್ಕೆ ಹೋಗಿದ್ದೆ. ಗಾಳಿ ಸ್ವಲ್ಪ ಜೋರಿತ್ತು, ಅಲೆಗಳ ತುದಿ ಬೆಳ್ಳಗೆ ಒಡೆಯುತ್ತಿತ್ತು. ನೀರಿನೊಳಗೆ ಒಂದೇ ಸಮನೆ ‘ಸ್ಸ್’ ಅನ್ನುವ ಸದ್ದು, ಜೊತೆಗೆ ಚಟಪಟ. ನೀರು ನೀರಿಗೆ ಬಡಿಯುವ ಸದ್ದಾ ಇದು? ಚಟಪಟವೂ ಅಲೆಯದ್ದೇನಾ?

ಕಡಲಕಿವಿ:
ಬಡಿತಕ್ಕಿಂತ ಗುಳ್ಳೆಗಳದ್ದೇ ಸದ್ದು ಜಾಸ್ತಿ. ಅಲೆ ಒಡೆಯುವಾಗ ಗಾಳಿಯನ್ನೂ ಒಳಕ್ಕೆ ಎಳೆದುಕೊಳ್ಳುತ್ತದೆ. ಅದು ಚೂರಾಗಿ ಗುಳ್ಳೆಗಳಾಗುತ್ತದೆ. ಬೇರ್ಪಟ್ಟ ಕೂಡಲೇ ಪ್ರತಿ ಗುಳ್ಳೆಯೂ ಸ್ಪ್ರಿಂಗಿನ ಹಾಗೆ ಕುಗ್ಗಿ ಹಿಗ್ಗುತ್ತದೆ. ಕೆಲವೇ ಮಿಲಿಸೆಕೆಂಡು, ಅಷ್ಟೇ. ಆಮೇಲೆ ಅದು ಸುಮ್ನೆ ಮೇಲಕ್ಕೆ ತೇಲುತ್ತದೆ.

ಗುಳ್ಳೆ ಸಣ್ಣದಾದಷ್ಟೂ ಸದ್ದು ಕೀಚಲು. ಈ ಲೆಕ್ಕ ಹಾಕಿದ್ದು 1933ರಲ್ಲಿ, ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ನ ಖಗೋಳ ವಿಜ್ಞಾನಿ ಮಾರ್ಸೆಲ್ ಮಿನ್ನಾರ್ಟ್. ನೀರಿನ ಮೇಲ್ಭಾಗದಲ್ಲಿ 1 ಮಿ.ಮೀ. ತ್ರಿಜ್ಯದ ಗುಳ್ಳೆ ಸುಮಾರು 3,300 ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ ಅಷ್ಟು ಸಲ, ಅದುರುತ್ತದೆ, 1 ಸೆಂ.ಮೀ.ನದ್ದು 330ರಲ್ಲಿ. ಒಂದು ಅಲೆಯಲ್ಲಿ ಎಲ್ಲ ಗಾತ್ರದವೂ ಒಟ್ಟಿಗೆ ಹುಟ್ಟುತ್ತವೆ. ಅದಕ್ಕೇ ನಿಮಗೆ ‘ಸ್ಸ್’ ಅಂತ ಕೇಳಿದ್ದು.

ಚಟಪಟ ಬೇರೆ. ಬಂಡೆ, ಹವಳದ ಸಂದಿಗಳಲ್ಲಿರುವ ಪುಟ್ಟ ಸಿಗಡಿಗಳದ್ದು. ಅವುಗಳ ಇಕ್ಕಳದಂಥ ಒಂದು ಕೊಂಡಿ ದೊಡ್ಡದಿರುತ್ತದೆ. ಅದನ್ನು ಪಟ್ಟನೆ ಮುಚ್ಚಿದಾಗ ಚಿಮ್ಮುವ ನೀರಿನಲ್ಲಿ ಗುಳ್ಳೆಯೊಂದು ಮೂಡಿ ಕುಸಿಯುತ್ತದೆ. ಆ ಸದ್ದೂ ಗುಳ್ಳೆಯದ್ದೇ, ನೋಡಿ!

ವಿಜ್ಞಾನಮೇಷ್ಟ್ರು:
ಮನೆಯಲ್ಲೇ ಕೇಳಬಹುದು. ನಲ್ಲಿಯಿಂದ ಬಕೆಟ್ಟಿಗೆ ಹನಿ ಬಿದ್ದಾಗ ಬರುವ ‘ಟುಳುಕ್’ ಕೂಡ ನೀರಿನಡಿ ಸಿಕ್ಕಿಕೊಂಡ ಪುಟ್ಟ ಗುಳ್ಳೆಯದ್ದು. ನಮ್ಮ ಮಕ್ಕಳಿಗೆ ಇದು ತುಂಬಾ ಇಷ್ಟ.

ತೀರದಹುಡುಗಿ:
ಹಾಗಾದರೆ ಸದ್ದು ಕೇಳಿಯೇ ಗಾಳಿ ಎಷ್ಟಿದೆ ಅಂತ ಹೇಳಬಹುದು, ಅಲ್ವಾ?

ಕಡಲಕಿವಿ:
ಖಂಡಿತ! ದೋಣಿಯಿಂದ ಹೈಡ್ರೊಫೋನ್ (ನೀರಿನೊಳಗಿನ ಮೈಕ್) ಇಳಿಸಿ ಕೇಳುವುದೇ ನನ್ನ ಕೆಲಸ. ಕತ್ತಲಲ್ಲಿ ನೊರೆ ಕಾಣದಿದ್ದರೂ ಗಾಳಿ ಏರಿದ್ದು ಹೆಡ್‌ಫೋನಿನಲ್ಲಿ ಗೊತ್ತಾಗುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಮಾಡಿದ ಕಡಲಿನ ಸದ್ದಿನ ಅಳತೆಗಳನ್ನು ಅಮೆರಿಕದ ಧ್ವನಿವಿಜ್ಞಾನಿ ವರ್ನ್ ನೂಡ್‌ಸನ್ ಮತ್ತು ಜೊತೆಗಾರರು 1948ರಲ್ಲಿ ಪ್ರಕಟಿಸಿದರು. ಗಾಳಿ ಹೆಚ್ಚಿದಂತೆ ಸದ್ದು ಏರುವುದನ್ನು ಅವರ ರೇಖೆಗಳು ತೋರಿಸುತ್ತವೆ. ಸಣ್ಣ ಹನಿಯ ಮಳೆ 15,000 ಹರ್ಟ್ಜ್ ಹತ್ತಿರ ಜೋರಾಗಿ ಕೇಳುವುದರಿಂದ ಅದನ್ನೂ ಬೇರೆಯಾಗಿ ಗುರುತಿಸಬಹುದು. ಆದರೆ ಬಿರುಗಾಳಿಯಲ್ಲಿ ಕಷ್ಟ. ಆಗ ಮೇಲ್ಪದರದ ತುಂಬ ಹಳೆಯ ಗುಳ್ಳೆಗಳಿದ್ದು, ಹೊಸವು ಮಾಡುವ ಕೀಚಲು ಸದ್ದನ್ನು ಅವೇ ನುಂಗಿಬಿಡುತ್ತವೆ.

ಮುಂದಿನ ಸಲ ಸ್ನಾರ್ಕೆಲ್ (ನೀರಿನ ಮೇಲಿನ ಗಾಳಿ ಎಳೆದುಕೊಳ್ಳುವ ಕೊಳವೆ) ಹಾಕಿ, ಗೈಡ್ ಜೊತೆಗೇ ಇದ್ದು ಕೇಳಿ. ಸ್ಕೂಬಾದಲ್ಲಿ ನಿಮ್ಮ ಉಸಿರಿನ ಗುಳ್ಳೆಗಳೇ ಎಲ್ಲವನ್ನೂ ಮುಚ್ಚಿಬಿಡುತ್ತವೆ. ಹಾಗಂತ ಕೇಳೋಕೆ ಅಂತ ಸ್ಕೂಬಾದಲ್ಲಿ ಉಸಿರು ಹಿಡಿಯಬೇಡಿ, ಶ್ವಾಸಕೋಶಕ್ಕೆ ಅಪಾಯ.