ಬ್ಯಾಚ್ ಗುಂಪು: ಆ ಕೊನೇ ಮಳೆ ಮೋಸವಾ?

ಲತಾ, 8:40
(ಫಾರ್ವರ್ಡ್ ಆಗಿ ಬಂದದ್ದು) "ಲುಕ್ ಬೋತ್ ವೇಸ್, ಆಸ್ಟ್ರೇಲಿಯಾ, 2005. ಕ್ಯಾನ್ಸರ್ ಬಂದ ಮೇಲೆ ನಿರ್ದೇಶಕಿ ಸಾರಾ ವಾಟ್ ತನ್ನ ನೋವನ್ನೇ ಸಿನಿಮಾ ಮಾಡಿದರು. ನಾಯಕ ಅವರ ಗಂಡ ವಿಲಿಯಂ ಮ್ಯಾಕಿನ್ನಿಸ್. ಸಾವನ್ನೇ ಗೆದ್ದ ಕಥೆ. ತಪ್ಪದೆ ನೋಡಿ."

ರಘು, 8:52
ಮುಕ್ಕಾಲು ಪಾಲು ಅದ್ಭುತ, ಕೊನೆ ಮೋಸ. ಫೋಟೋಗ್ರಾಫರ್ ನಿಕ್‌ಗೆ ವೃಷಣದ ಕ್ಯಾನ್ಸರ್, ಆಗಲೇ ಶ್ವಾಸಕೋಶಕ್ಕೆ ಹಬ್ಬಿದೆ. ಅಡಿಲೇಡ್‌ನ ಸುಡುಬಿಸಿಲಲ್ಲಿ ಒಂದು ವಾರಾಂತ್ಯ ಪೂರ್ತಿ ಅವನ ಭಯಾನ ನಮ್ಮ ಮೇಲೂ ಹೊರಿಸ್ತಾರೆ. ಆಮೇಲೆ ಮಳೆ ಸುರಿಯುತ್ತೆ, ಸರಸರ ಅಂತ ಸ್ಟಿಲ್ ಫೋಟೋಗಳು ಬರ್ತವೆ, ಕೀಮೋ ಮುಗೀತು, ಗೆಳತಿ ಮೆರಿಲ್ ಜೊತೆ ಸುತ್ತಾಟ! ಹಬ್ಬಿದ ಕ್ಯಾನ್ಸರ್ ಹಾಗೆ ಹೋಗಿಬಿಡುತ್ತಾ?

ಸುಮಾ, 9:05
ಹೋಗುತ್ತೆ ರಘು. ಈ ಒಂದು ಕ್ಯಾನ್ಸರಲ್ಲಿ ಹೋಗುತ್ತೆ. "ಹಬ್ಬಿದೆ" ಅಂದ ಕೂಡಲೇ ಕಥೆ ಮುಗೀತು ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ. ಎಲ್ಲಿಗೆ ಹಬ್ಬಿದೆ ಅನ್ನೋದು ಮುಖ್ಯ. ವೃಷಣದಲ್ಲೇ ಹುಟ್ಟಿ ಶ್ವಾಸಕೋಶಕ್ಕೆ ಮಾತ್ರ ಹೋಗಿ, ರಕ್ತದ ಮಾರ್ಕರ್‌ಗಳು (ಈ ಕ್ಯಾನ್ಸರ್ ಇದ್ದಾಗ ರಕ್ತದಲ್ಲಿ ಏರೋ ವಸ್ತುಗಳು) ಗೊತ್ತಾದ ಮಿತಿಯೊಳಗೆ ಇದ್ದರೆ ಅದು "ಗುಡ್ ರಿಸ್ಕ್", ಅಂದ್ರೆ ವಾಸಿಯಾಗೋ ಸಾಧ್ಯತೆ ಚೆನ್ನಾಗಿರೋ ಗುಂಪು. 100ರಲ್ಲಿ 90ಕ್ಕಿಂತ ಹೆಚ್ಚು ಜನ ಐದು ವರ್ಷ ದಾಟ್ತಾರೆ. ಲಿವರ್, ಮೂಳೆ, ಮಿದುಳಿಗೆ ಹೋಗಿದ್ದರೆ ಗುಂಪೇ ಬೇರೆ.

1974ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಡಾಕ್ಟರ್ ಲಾರೆನ್ಸ್ ಐನ್‌ಹಾರ್ನ್ ಸಿಸ್‌ಪ್ಲಾಟಿನ್ ಅನ್ನೋ ಕೀಮೋ ಔಷಧಿ ಸೇರಿಸಿ ಕೊಡೋಕೆ ಶುರು ಮಾಡಿದ ಮೇಲೆ ಈ ರೋಗದ ಹಣೆಬರಹವೇ ಬದಲಾಯ್ತು. ಸಿನಿಮಾ 2005ರದ್ದು. ನಿಕ್ ಬದುಕೋದು ಪವಾಡ ಅಲ್ಲ.

ರಘು, 9:11
ಸರಿ, ಬದುಕ್ತಾನೆ. ಆದರೆ ಅಷ್ಟು ಸಲೀಸಾಗಿ?

ಸುಮಾ, 9:24
ಸಲೀಸು ಅಂತ ನಾನೆಲ್ಲಿ ಅಂದೆ? ಮೊದಲು ವೃಷಣ ತೆಗೆಯೋ ಆಪರೇಷನ್. ಅದನ್ನ ತೊಡೆಸಂದಿಯಿಂದಲೇ ಮಾಡ್ಬೇಕು. ವೃಷಣದ ಚೀಲಕ್ಕೆ ಕೊಯ್ದರೆ ರೋಗಕ್ಕೆ ಬೇರೆ ದುಗ್ಧನಾಳದ (ಲಿಂಫ್ ಹರಿಯೋ ನಾಳ) ದಾರಿ ತೆರೆದು ಕೊಟ್ಟಹಾಗೆ. ಮುಂದೆ ಮಕ್ಕಳು ಬೇಕು ಅಂದರೆ ಕೀಮೋಗೆ ಮುಂಚೆಯೇ ವೀರ್ಯ ಕೂಡಿಡಬೇಕು. ಆಮೇಲೆ ಬಿಇಪಿ ಅನ್ನೋ ಮೂರು ಔಷಧಿಯ ಕೀಮೋ: ಬ್ಲಿಯೋಮೈಸಿನ್, ಎಟೊಪೊಸೈಡ್, ಸಿಸ್‌ಪ್ಲಾಟಿನ್. 21 ದಿನದ ಒಂದು ಸುತ್ತು, ಗುಡ್ ರಿಸ್ಕ್‌ಗೆ ಮೂರು ಸುತ್ತು, ಒಟ್ಟು ಒಂಬತ್ತು ವಾರ. ಪ್ರತಿ ಸುತ್ತಿನ ಮೊದಲ ಐದು ದಿನವೂ ಸಿಸ್‌ಪ್ಲಾಟಿನ್, ಎಟೊಪೊಸೈಡ್. ಬ್ಲಿಯೋಮೈಸಿನ್ ವಾರಕ್ಕೊಂದು ಸಲ.

ಎಡವೋದು ಎಲ್ಲಿ ಅಂದ್ರೆ: ಸಿಸ್‌ಪ್ಲಾಟಿನ್ ಕಿಡ್ನಿ ಹಾಳು ಮಾಡುತ್ತೆ, ಅದಕ್ಕೆ ಸಲೈನ್ ಧಾರಾಳವಾಗಿ ಹರಿಸ್ಬೇಕು. ಕಿವಿಯಲ್ಲಿ ಗುಂಯ್ ಅನ್ನೋದು ಕೆಲವರಿಗೆ ಹೋಗೋದೇ ಇಲ್ಲ. ಬ್ಲಿಯೋಮೈಸಿನ್ ಶ್ವಾಸಕೋಶದಲ್ಲಿ ಗಾಯದ ಕಲೆ ಬಿಡಬಹುದು. ರಕ್ತಕಣ ಕಮ್ಮಿಯಾಯ್ತು ಅಂತ ಸುತ್ತು ಮುಂದಕ್ಕೆ ತಳ್ಳೋಕೂ ಮನಸ್ಸು ಬರಲ್ಲ, ತಡವಾದಷ್ಟೂ ಗೆಲ್ಲೋ ಅವಕಾಶ ಕುಗ್ಗುತ್ತೆ.

ರಘು, 9:31
ನನ್ನ ಮಾತು ಅದೇ ಕಣೇ! ಇಷ್ಟೆಲ್ಲ ಇದೆ. ಒಂಬತ್ತು ವಾರಾನ ನಾಲ್ಕೈದು ಸ್ಟಿಲ್ಲಲ್ಲಿ ತಳ್ಳಿಬಿಟ್ಟರೆ ಹೇಗೆ?

ಲತಾ, 9:40
ರಘು, ನೀನು ಎಡಿಟರ್, ಶುರುವಿನಿಂದ ಅದರ ವ್ಯಾಕರಣ ನೋಡು. ಮೆರಿಲ್ ಚಿತ್ರ ಬಿಡಿಸೋಳು, ಅವಳ ಭಯ ಕೈಯಲ್ಲಿ ಬಿಡಿಸಿದ ಆನಿಮೇಷನ್ ಆಗಿ ಬರುತ್ತೆ. ಈಜೋಕೆ ಇಳಿದರೆ ಶಾರ್ಕ್, ರೈಲು ಕಂಡರೆ ಹಳಿ ತಪ್ಪೋದು. ನಿಕ್ ಯೋಚಿಸೋದೇ ಫೋಟೋಗಳಲ್ಲಿ, ಅವನ ಭಯ ಸ್ಟಿಲ್‌ಗಳ ರಾಶಿ. ಅವನನ್ನ ಹೆದರಿಸಿದ ಭಾಷೆಯಲ್ಲೇ ಕೊನೆಗೆ ಅವನ ಮುಂದಿನ ಬದುಕು ತೋರಿಸ್ತಾರೆ. ಎಲ್ಲಿಂದಲೋ ತಂದು ಅಂಟಿಸಿದ್ದಲ್ಲ ಅದು.

ಆ ಆನಿಮೇಷನ್ ಕೆಲಸ ಏನು ಕಡಿಮೆಯಾ? ಸೆಕೆಂಡಿಗೆ 24 ಫ್ರೇಮ್. ಒಂದು ಚಿತ್ರ ಎರಡೆರಡು ಫ್ರೇಮ್ ನಿಂತರೂ 12 ಚಿತ್ರ, ಹತ್ತು ಸೆಕೆಂಡಿನ ಶಾರ್ಕ್‌ಗೆ 120. ಕೈಯಲ್ಲಿ ಬಳಿದ ಬಣ್ಣ ಒಂದರಲ್ಲಿ ದಪ್ಪ, ಇನ್ನೊಂದರಲ್ಲಿ ತೆಳು ಆದ್ರೆ ಪರದೆ ಮೇಲೆ ನಡುಗುತ್ತೆ. ಬೇರೆ ಕಡೆ ಅದು ದೋಷ. ಮೆರಿಲ್‌ಳ ಎದೆ ನಡುಕಕ್ಕೆ ಆ ನಡುಕವೇ ಬೇಕಿತ್ತು.

ರಘು, 9:48
ವ್ಯಾಕರಣ ಒಪ್ಪಿದೆ. ಅವಧಿ ಒಪ್ಪಲ್ಲ. ಒಂದು ಸ್ಟಿಲ್ ಆರು ಫ್ರೇಮ್ ನಿಂತರೆ ಕಾಲು ಸೆಕೆಂಡ್. ಕಣ್ಣು ನೋಡುತ್ತೆ, ಮನಸ್ಸಿಗೆ ಇಳಿಯಲ್ಲ. ಊರು ಸುತ್ತೋ ಫೋಟೋಗೆ ಆ ವೇಗ ಸರಿ. ಆಸ್ಪತ್ರೆ ಫೋಟೋ ಬಂದಾಗ ವೇಗ ಮುರೀಬೇಕಿತ್ತು, ಒಂದೇ ಒಂದನ್ನ ಎರಡು ಸೆಕೆಂಡ್ ನಿಲ್ಲಿಸಬೇಕಿತ್ತು.

ನಾಗೇಶ, 9:57
ಎಲ್ಲರೂ ನಿಕ್ ಹಿಂದೆ ಬಿದ್ದಿದ್ದೀರ. ರೈಲಿಗೆ ಸಿಕ್ಕಿ ಸತ್ತವನು, ಅವನ ಸಂಗಾತಿ ಜೂಲಿಯಾ, ಗೂಡ್ಸ್ ಡ್ರೈವರ್ ಇಲ್ವಾ? ನನಗೆ ಸಿನಿಮಾ ಆ ಡ್ರೈವರ್‌ದು. ಮನೆಗೆ ಬರ್ತಾನೆ, ಮಾತೇ ಹೊರಡಲ್ಲ.

ಅವನ ಕೈಲಿ ಏನೂ ಇರಲಿಲ್ಲ ಅನ್ನೋದು ಜನಕ್ಕೆ ಗೊತ್ತಾಗ್ಬೇಕು. ಎಮರ್ಜೆನ್ಸಿ ಬ್ರೇಕ್ ಅಂದ್ರೆ ಬ್ರೇಕ್ ಪೈಪಿನ ಗಾಳಿ ಪೂರ್ತಿ ಬಿಡೋದು. ಒತ್ತಡ ಇಳಿಯೋದು ಎಂಜಿನ್‌ನಿಂದ ಹಿಂದಕ್ಕೆ ಒಂದೊಂದೇ ವ್ಯಾಗನ್ ದಾಟ್ಕೊಂಡು. ಕೊನೇ ವ್ಯಾಗನ್ ಬ್ರೇಕ್ ಹಿಡಿಯೋ ಹೊತ್ತಿಗೆ ಸುಮಾರು ಕ್ಷಣ ಕಳೆದಿರುತ್ತೆ. ಜೊತೆಗೆ ಉಕ್ಕಿನ ಹಳಿ ಮೇಲೆ ಉಕ್ಕಿನ ಚಕ್ರ, ಹಿಡಿತ ಕಮ್ಮಿ. ಲೋಡ್ ಇರೋ ಗೂಡ್ಸ್ ನಿಲ್ಲೋಕೆ ಒಂದು ಕಿಲೋಮೀಟರ್‌ಗಿಂತ ಹೆಚ್ಚು ಬೇಕಾಗಬಹುದು. ಮುಂದಿರೋನ ಮುಖ ಕಾಣಿಸುವಷ್ಟು ಹತ್ತಿರ ಬಂದಮೇಲೆ ಡ್ರೈವರ್ ಮಾಡೋಕೆ ಉಳಿಯೋದು ಹಾರ್ನ್ ಒಂದೇ.

ಪತ್ರಕರ್ತ ಆ್ಯಂಡಿ ಇಂಥ ಸಾವೆಲ್ಲ ಆತ್ಮಹತ್ಯೆ ಅಂತ ಬರೀತಾನಲ್ಲ, ಅದಕ್ಕೂ ಉತ್ತರ ಇದೆ. ದೊಡ್ಡ ವಸ್ತು ನೇರ ನಮ್ಮತ್ತ ಬರುವಾಗ ಕಣ್ಣಿಗೆ ನಿಧಾನ ಅನ್ನಿಸುತ್ತೆ. ದಾಟಿಬಿಡ್ತೀನಿ ಅಂತ ಹೆಜ್ಜೆ ಇಟ್ಟುಬಿಡ್ತಾರೆ.

ಸುಮಾ, 10:06
ನಾಗೇಶ, ಇದನ್ನ ಆ ಸಿನಿಮಾ ನೋಡೋಕೆ ಮುಂಚೆ ಓದಿದ್ರೆ ಚೆನ್ನಾಗಿತ್ತು.

ಇನ್ನೊಂದು ವಿಷಯ ಲತಾ, ಫಾರ್ವರ್ಡ್ ತಪ್ಪು. ಸಾರಾ ವಾಟ್‌ಗೆ ಸ್ತನ ಕ್ಯಾನ್ಸರ್ ಗೊತ್ತಾದದ್ದು ಶೂಟಿಂಗ್ ಮುಗಿದು ಪೋಸ್ಟ್ ಪ್ರೊಡಕ್ಷನ್ ನಡೀತಿದ್ದಾಗ. ಕಥೆ ಅದಕ್ಕೂ ಮುಂಚೆ ಬರೆದಾಗಿತ್ತು. "ನೋವನ್ನೇ ಸಿನಿಮಾ ಮಾಡಿದರು" ಅಂದ್ರೆ ಅವರ ಕಲ್ಪನೆ ಕಿತ್ತುಕೊಂಡಂಗೆ. 2011ರ ನವೆಂಬರಲ್ಲಿ ತೀರಿಕೊಂಡ್ರು, 53 ವರ್ಷ. "ಸಾವನ್ನೇ ಗೆದ್ದ ಕಥೆ" ಅನ್ನೋದನ್ನೂ ತೆಗಿ.

ರಘು, 10:10
ಇದು ಗೊತ್ತಿರಲಿಲ್ಲ. ಮೋಸ ಅಂದಿದ್ದು ವಾಪಸ್. ಎರಡು ಸೆಕೆಂಡ್ ಮಾತ್ರ ಬಿಡಲ್ಲ.

ಲತಾ, 10:19
ಮೇಲಿನದು ಅಳಿಸಿದೆ. ಮುಂದಕ್ಕೆ ಕಳಿಸೋದಾದ್ರೆ ಇದನ್ನ ಕಳಿಸಿ: "ಲುಕ್ ಬೋತ್ ವೇಸ್, 2005. ಬರೆದು ನಿರ್ದೇಶಿಸಿದವರು ಸಾರಾ ವಾಟ್. ಒಂದು ವಾರಾಂತ್ಯ, ಒಂದು ರೈಲು ಅಪಘಾತ, ಅದರ ಸುತ್ತ ಆರೇಳು ಜನ. ಆ ವರ್ಷದ ಆಸ್ಟ್ರೇಲಿಯನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಅತ್ಯುತ್ತಮ ಚಿತ್ರ ಪ್ರಶಸ್ತಿ. ಡ್ರೈವರ್ ಮೇಲೆ ಕಣ್ಣಿರಲಿ."