ಒಟಿಪಿ ಬರಲಿಲ್ಲ, ಕಾರ್ಡ್ ಇಲ್ಲ, ಆದರೂ ಅಪ್ಪನ ಖಾತೆಯಿಂದ ಹಣ ಹೋಗಿದೆ

ಪ್ರಶ್ನೆ (ತುಮಕೂರಿನ ಸದಸ್ಯೆ):
ಅಪ್ಪನಿಗೆ 71 ವರ್ಷ. ಎರಡು ತಿಂಗಳ ಹಿಂದೆ ಊರಿನ ಸೈಟ್ ಮಾರಿ ರಿಜಿಸ್ಟ್ರೇಷನ್ ಮಾಡಿಸಿಕೊಟ್ಟೆವು. ನಿನ್ನೆ ಪಾಸ್‌ಬುಕ್ ಎಂಟ್ರಿ ಮಾಡಿಸಿದರೆ ಒಂದು ಕಡೆ 10,000, ಮಾರನೇ ದಿನ ಇನ್ನೊಂದು 10,000, ಆಮೇಲೆ 7,500 ಹೋಗಿದೆ. ಪಕ್ಕದಲ್ಲಿ ಎಇಪಿಎಸ್ ಅಂತ ಅಚ್ಚಾಗಿದೆ. ಅಪ್ಪನ ಹತ್ತಿರ ಎಟಿಎಂ ಕಾರ್ಡ್ ಇಲ್ಲ, ಇರುವುದು ಬಟನ್ ಫೋನ್. ಯಾರಿಗೂ ಒಟಿಪಿ ಹೇಳಿಲ್ಲ. ಬ್ಯಾಂಕಿನಲ್ಲಿ ಕೇಳಿದರೆ "ಹೆಬ್ಬೆಟ್ಟು ಒತ್ತಿದ್ದಾರೆ, ಅವರೇ ತೆಗೆದಿರಬೇಕು" ಅಂದುಬಿಟ್ಟರು. ಅಪ್ಪ ರಾತ್ರಿ ಊಟ ಮಾಡಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ (ಬ್ಯಾಂಕ್ ಗ್ರಾಹಕರ ದೂರು ವಿಭಾಗದಲ್ಲಿ 19 ವರ್ಷ ಕೆಲಸ ಮಾಡಿದವನು):
ಮೊದಲು ಅಪ್ಪನಿಗೆ ಹೇಳಿ, ಇದರಲ್ಲಿ ಅವರ ತಪ್ಪು ಏನೂ ಇಲ್ಲ. ಈ ಮಾತನ್ನು ಮನೆಯವರ ಬಾಯಿಂದ ಕೇಳಿದರೆ ಅವರಿಗೆ ಅರ್ಧ ಭಾರ ಇಳಿಯುತ್ತದೆ.

ಈಗಲೇ 1930ಕ್ಕೆ ಫೋನ್ ಮಾಡಿ. ಇದು ಸೈಬರ್ ಹಣ ವಂಚನೆಗೆ ಇರುವ ಸರ್ಕಾರಿ ಸಹಾಯವಾಣಿ. ದೂರಿನ ನಂಬರ್ ಕೊಡುತ್ತಾರೆ, ಬರೆದಿಟ್ಟುಕೊಳ್ಳಿ. ಅದೇ ದೂರನ್ನು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದಾಖಲಿಸಬಹುದು. ಆಮೇಲೆ ಶಾಖೆಗೆ ಹೋಗಿ, ಬಾಯಿಮಾತಲ್ಲಿ ಬೇಡ, ಬರೆದುಕೊಡಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಅದೇ ಪತ್ರದಲ್ಲಿ "ಈ ಖಾತೆಯಿಂದ ಎಇಪಿಎಸ್ ಮೂಲಕ ಹಣ ತೆಗೆಯುವುದನ್ನು ನಿಲ್ಲಿಸಿ" ಎಂದೂ ಬರೆಯಿರಿ. ಇದನ್ನು ಬಿಟ್ಟರೆ ನಾಳೆ ಇನ್ನೊಂದು 10,000 ಹೋಗಬಹುದು.

ಈಗ ಹೇಗೆ ಹೋಯಿತು ಅಂತ ನೋಡೋಣ. ಎಇಪಿಎಸ್ ಅಂದರೆ ಆಧಾರ್ ಮೇಲೆ ನಡೆಯುವ ಹಣದ ವ್ಯವಸ್ಥೆ. ಹಳ್ಳಿಯ ಅಂಗಡಿಯಲ್ಲಿ, ಬ್ಯಾಂಕ್ ಮಿತ್ರರ ಹತ್ತಿರ ಅಂಗೈಯಷ್ಟು ಒಂದು ಯಂತ್ರ ಇರುತ್ತದಲ್ಲ, ಅದೇ. ಅದಕ್ಕೆ ಬೇಕಾಗುವುದು ಮೂರೇ: ಬ್ಯಾಂಕಿನ ಹೆಸರು, ಆಧಾರ್ ನಂಬರ್, ಬೆರಳು. ಖಾತೆ ನಂಬರ್ ಬೇಡ, ಪಿನ್ ಬೇಡ, ಒಟಿಪಿ ಬೇಡ. ಒಂದು ಸಲಕ್ಕೆ 10,000ದವರೆಗೆ ತೆಗೆಯಬಹುದು. ನಿಮ್ಮ ಪಾಸ್‌ಬುಕ್‌ನಲ್ಲಿ ಎರಡು ಸಲ ಅದೇ ಅಂಕಿ ಇರುವುದು ಅದಕ್ಕೇ. ವ್ಯವಸ್ಥೆ ಒಳ್ಳೆಯದೇ. ಪಿಂಚಣಿಗೆ ಹತ್ತು ಮೈಲಿ ನಡೆಯುತ್ತಿದ್ದ ಅಜ್ಜಿಯರಿಗೆ ಮನೆ ಹತ್ತಿರ ದುಡ್ಡು ಸಿಗುವ ಹಾಗಾಯಿತು. ಆದರೆ ಬೆರಳೇ ಬೀಗದಕೈ ಆದಾಗ ಅದರ ನಕಲು ಮಾಡುವವರೂ ಹುಟ್ಟಿಕೊಂಡರು.

ಸೈಟ್ ಮಾರಿದೆವು ಅಂದಿರಲ್ಲ, ನನ್ನ ಅನುಮಾನ ಅಲ್ಲೇ. ಕ್ರಯಪತ್ರದ ಪುಟಗಳಲ್ಲಿ ಹೆಬ್ಬೆಟ್ಟಿನ ಗುರುತು ಇರುತ್ತದೆ, ಎಷ್ಟೋ ಪತ್ರಗಳಲ್ಲಿ ಆಧಾರ್ ನಂಬರ್ ಕೂಡ ಇರುತ್ತದೆ. 2023ರಲ್ಲಿ ಬೆಂಗಳೂರು, ಮಂಗಳೂರು ಕಡೆ ಇಂಥ ದೂರುಗಳು ಸಾಲಾಗಿ ಬಂದವು. ಹಣ ಕಳೆದುಕೊಂಡವರಲ್ಲಿ ಎಷ್ಟೋ ಜನ ಅದಕ್ಕೆ ಸ್ವಲ್ಪ ಮುಂಚೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿದವರು. ಪತ್ರದ ಪ್ರತಿ ಕೈಗೆ ಸಿಕ್ಕರೆ ಸಾಕು, ಆ ಗುರುತಿನಿಂದ ರಬ್ಬರಿನ ಅಥವಾ ಸಿಲಿಕೋನ್‌ನ ತೆಳು ಬೆರಳಚ್ಚು ಮಾಡುತ್ತಾರೆ. ನಿಮ್ಮ ಅಪ್ಪನ ವಿಷಯದಲ್ಲೂ ಹೀಗೇ ಆಗಿದೆ ಅಂತ ನಾನು ಹೇಳಲಾರೆ, ಅದನ್ನು ಪೊಲೀಸರು ನೋಡಬೇಕು. ಆದರೆ ದೂರಿನಲ್ಲಿ ನೋಂದಣಿ ಮಾಡಿಸಿದ ದಿನಾಂಕವನ್ನು ಮರೆಯದೆ ಬರೆಯಿರಿ.

ಇನ್ನು ಬ್ಯಾಂಕಿನವರ ಮಾತು. "ಹೆಬ್ಬೆಟ್ಟು ಬಿದ್ದಿದೆ, ಆದ್ದರಿಂದ ನೀವೇ" ಅನ್ನುವುದು ಉತ್ತರವೇ ಅಲ್ಲ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಇದನ್ನು ನೇರವಾಗಿ ಹೇಳುತ್ತದೆ: ತಪ್ಪು ಗ್ರಾಹಕನದು ಅಂತ ತೋರಿಸುವ ಹೊಣೆ ಬ್ಯಾಂಕಿನದು. ತಪ್ಪು ಗ್ರಾಹಕನದೂ ಅಲ್ಲ, ಬ್ಯಾಂಕಿನದೂ ಅಲ್ಲ, ಮಧ್ಯೆ ಬೇರೆಲ್ಲೋ ಆಗಿದೆ ಅಂದಾಗ, ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟವೇ ಇಲ್ಲ. ನಾಲ್ಕರಿಂದ ಏಳು ಕೆಲಸದ ದಿನ ಆದರೆ ನಷ್ಟಕ್ಕೆ ಒಂದು ಮಿತಿ ಇದೆ. ಅದು ದಾಟಿದರೆ ಬ್ಯಾಂಕಿನ ಸ್ವಂತ ನೀತಿಯಂತೆ. ನೀವು ನಿನ್ನೆ ತಾನೇ ನೋಡಿದ್ದೀರಿ. ಎಸ್‌ಎಂಎಸ್ ಬಂದೇ ಇಲ್ಲ, ಪಾಸ್‌ಬುಕ್‌ನಿಂದಲೇ ಗೊತ್ತಾಯಿತು ಅನ್ನುವುದಾದರೆ ಅದನ್ನೂ ಪತ್ರದಲ್ಲಿ ಸೇರಿಸಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಫೀಸ್ ಇಲ್ಲ, ವಕೀಲರೂ ಬೇಕಿಲ್ಲ.

ಒಬ್ಬ ಅಮ್ಮ ನೆನಪಾಗುತ್ತಾರೆ. ಹೂ ಮಾರುತ್ತಿದ್ದರು. ಮೂರು ಸಲ ಅಲೆದು ನಾಲ್ಕನೇ ಸಲ ನನ್ನ ಮೇಜಿನ ಹತ್ತಿರ ಬಂದರು. ಕೂತ ಕೂಡಲೇ ಹೆಬ್ಬೆರಳನ್ನು ಸೆರಗಿಗೆ ಒರೆಸಿ ನನ್ನ ಮುಂದೆ ಹಿಡಿದರು. "ನೋಡಿ ಸಾರ್, ಇದು ನನ್ನ ಕೈಲೇ ಇದೆ, ಯಾರಿಗೂ ಕೊಟ್ಟಿಲ್ಲ" ಅಂದರು. ಅವತ್ತಿನಿಂದ ನಾನು ಈ ವಿಷಯವನ್ನು ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ.

ಪಿನ್ ಕದ್ದರೆ ಪಿನ್ ಬದಲಾಯಿಸಬಹುದು. ಬೆರಳನ್ನು ಬದಲಾಯಿಸಲು ಆಗಲ್ಲ. ಅದಕ್ಕೆ ಬೀಗ ಹಾಕಬಹುದು, ಅಷ್ಟೇ. ಎಂಆಧಾರ್ ಆ್ಯಪ್‌ನಲ್ಲಿ ಅಥವಾ ಆಧಾರ್ ಕೊಡುವ ಸಂಸ್ಥೆ ಯುಐಡಿಎಐನ ಮೈಆಧಾರ್ ತಾಣದಲ್ಲಿ ಲಾಗಿನ್ ಆಗಿ ಬಯೋಮೆಟ್ರಿಕ್ ಲಾಕ್ ಒತ್ತಿ. ಬೆರಳು, ಕಣ್ಣು, ಮುಖ ಮೂರಕ್ಕೂ ಬೀಗ ಬೀಳುತ್ತದೆ. ಒಟಿಪಿ ಮೇಲೆ ನಡೆಯುವ ಕೆಲಸ ಎಂದಿನಂತೆ ನಡೆಯುತ್ತದೆ. ಅದೇ ತಾಣದಲ್ಲಿ ಆಥೆಂಟಿಕೇಶನ್ ಹಿಸ್ಟರಿ ಅಂತ ಇದೆ. ಕಳೆದ ಆರು ತಿಂಗಳಲ್ಲಿ ನಿಮ್ಮ ಆಧಾರ್ ಯಾವಾಗ, ಯಾವ ಹೊತ್ತಿಗೆ, ಹೇಗೆ ಬಳಕೆಯಾಯಿತು ಅಂತ ತೋರಿಸುತ್ತದೆ. ಅದರ ಪ್ರಿಂಟ್ ತೆಗೆದು ದೂರಿಗೆ ಸೇರಿಸಿ.

ಪ್ರಶ್ನೆ (ಹಾಸನದ ಸದಸ್ಯರು):
ಲಾಕ್ ಮಾಡಿದರೆ ರೇಷನ್ ಸಿಗಲ್ಲ ಅಂತಾರೆ, ಹೌದಾ? ಅಮ್ಮನ ಪಿಂಚಣಿಗೆ ಪ್ರತಿ ವರ್ಷ ಜೀವನ ಪ್ರಮಾಣ ಪತ್ರ ಬೇರೆ ಕೊಡಬೇಕು.

ಉತ್ತರ:
ಬೀಗ ಹಾಕಿದ್ದಾಗ ರೇಷನ್ ಅಂಗಡಿಯಲ್ಲಿ ಬೆರಳು ಇಟ್ಟರೆ ಯಂತ್ರ ಒಪ್ಪಲ್ಲ. 330 ಅನ್ನುವ ಎರರ್ ಬಂದರೆ ಬೆರಳು ಸವೆದಿದೆ ಅಂತ ಗಾಬರಿ ಬೇಡ. ಅದು ಬೀಗದ ಗುರುತು. ಸ್ವಲ್ಪ ಹೊತ್ತಿಗೆ ಮಾತ್ರ ತೆರೆಯುವ ಆಯ್ಕೆ ಇದೆ, ಆಮೇಲೆ ಅದು ತಾನೇ ಬೀಗ ಹಾಕಿಕೊಳ್ಳುತ್ತದೆ. ಕ್ಯೂನಲ್ಲಿ ನಿಮ್ಮ ಸರದಿ ಬಂದಾಗ ತೆರೆದರಾಯಿತು. ಜೀವನ ಪ್ರಮಾಣ ಪತ್ರಕ್ಕೆ ಬೆರಳು ಇಡುವಾಗಲೂ ಹಾಗೇ.

ಆದರೆ ಹಳ್ಳಿಯಲ್ಲಿ ಒಂಟಿಯಾಗಿರುವ, ಫೋನ್ ಒತ್ತಲು ಬಾರದ ಹಿರಿಯರಿಗೆ ಇದನ್ನು ಹಾಕಿಸಿ ಹೋಗಬೇಡಿ. ಪಾಪ, ತಿಂಗಳ ಅಕ್ಕಿ ತಪ್ಪೀತು. ಅವರಿಗೆ ಬ್ಯಾಂಕಿನಲ್ಲಿ ಎಇಪಿಎಸ್ ನಿಲ್ಲಿಸುವುದೇ ವಾಸಿ. ಅಂಗಡಿಯಲ್ಲೇ ಪಿಂಚಣಿ ತೆಗೆಯುವವರಾದರೆ ಅದೂ ಆಗಲ್ಲ. ಆಗ ದೊಡ್ಡ ಮೊತ್ತವನ್ನು ಆ ಖಾತೆಯಲ್ಲಿ ಇಡಬೇಡಿ, ಎಫ್‌ಡಿ ಮಾಡಿಸಿ. ಎಸ್‌ಎಂಎಸ್ ಮಕ್ಕಳ ಫೋನಿಗೆ ಬರುವ ಹಾಗೆ ನಂಬರ್ ಕೊಡಿ.

ಪ್ರಶ್ನೆ (ಉಡುಪಿಯ ಸದಸ್ಯೆ):
ಲಾಡ್ಜ್, ಜೆರಾಕ್ಸ್ ಅಂಗಡಿ, ಎಲ್ಲ ಕಡೆ ಆಧಾರ್ ಪ್ರತಿ ಕೊಟ್ಟಾಗಿದೆ. ಈಗೇನು ಮಾಡುವುದು?

ಉತ್ತರ:
ಕೊಟ್ಟದ್ದು ಕೊಟ್ಟಾಯಿತು. ಇನ್ನು ಮುಂದೆ ಮಾಸ್ಕ್ಡ್ ಆಧಾರ್ ಕೊಡಿ. ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತವೆ, ಮೈಆಧಾರ್‌ನಲ್ಲೇ ಡೌನ್‌ಲೋಡ್ ಆಗುತ್ತದೆ. ಜೆರಾಕ್ಸ್ ಅಂಗಡಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಫೈಲನ್ನು ಅವರ ಎದುರೇ "ಎಲ್ಲರಿಗೂ ಅಳಿಸು" ಮಾಡಿ. ಅವರ ಕಂಪ್ಯೂಟರಿನಲ್ಲಿ ಉಳಿದಿದ್ದರೆ ಅದನ್ನೂ ಅಳಿಸಲು ಕೇಳಿ. ಕೇಳುವುದರಲ್ಲಿ ಸಂಕೋಚ ಯಾಕೆ, ಅದು ನಿಮ್ಮದು ಅಲ್ವಾ?

ತುಮಕೂರಿನ ಸದಸ್ಯೆ:
ಸಾರ್, 1930ರಲ್ಲಿ ದೂರಿನ ನಂಬರ್ ಸಿಕ್ಕಿತು. ಶಾಖೆಯಲ್ಲಿ ಮೊದಲು ಸೀಲು ಹಾಕಲು ಒಪ್ಪಲಿಲ್ಲ, ಸುತ್ತೋಲೆಯ ದಿನಾಂಕ ಹೇಳಿದ ಮೇಲೆ ಹಾಕಿದರು. ಆಧಾರ್ ಹಿಸ್ಟರಿಯಲ್ಲಿ ಮೂರೂ ಸಲದ್ದು ಇದೆ. ಎರಡನೆಯದು ಬೆಳಗ್ಗೆ 11:20ಕ್ಕೆ. ಆ ಹೊತ್ತಿಗೆ ಅಪ್ಪ ಕಣ್ಣಿನ ಆಪರೇಷನ್‌ಗೆ ಆಸ್ಪತ್ರೆಯಲ್ಲಿದ್ದರು, ಡಿಸ್ಚಾರ್ಜ್ ಚೀಟಿ ಇದೆ.

ಉತ್ತರ:
ತುಂಬಾ ಒಳ್ಳೆಯ ಸಾಕ್ಷಿ. ಚೀಟಿಯ ನಕಲು, ಹಿಸ್ಟರಿಯ ಪ್ರಿಂಟ್ ಎರಡನ್ನೂ ಸೇರಿಸಿ ನಾಳೆಯೇ ಶಾಖೆಗೆ ಇನ್ನೊಂದು ಪತ್ರ ಕೊಡಿ. ಹಣ ತೆಗೆದ ಯಂತ್ರ ಯಾವ ಊರಿನದು, ಯಾವ ಏಜೆಂಟಿನದು ಅಂತ ತಿಳಿಸಿ ಎಂದು ಬರೆದೇ ಕೇಳಿ. ಮೂಲ ಚೀಟಿ ಮಾತ್ರ ಯಾರಿಗೂ ಕೊಡಬೇಡಿ. ಅಪ್ಪ ಊಟ ಮಾಡಿದರಾ?